ಎರಡು ಸಲ ಎಳೆದ ಬೆಲ್ಲು

ಕೊಚ್ಚಿಗೆ ವರ್ಗವಾಗಿ ಬಂದ ಹೊಸತರಲ್ಲಿ, ನನ್ನ ಮನೆಗೆ ಬಂದಿದ್ದ ಸೋದರತ್ತೆಯನ್ನು ಕಲೂರಿನಲ್ಲಿ ಮೈಸೂರು ಬಸ್ಸಿಗೆ ಹತ್ತಿಸಬೇಕಿತ್ತು. ಮಾರನೆಯ ದಿನ ಅವರ ಮೊಮ್ಮಗಳ ನಾಮಕರಣ. ಬಸ್ಸು ತಪ್ಪಿದರೆ ತೊಟ್ಟಿಲು ತೂಗಲು ಅಜ್ಜಿಯೇ ಇರುವುದಿಲ್ಲ.

ನಾವು ಹತ್ತಿದ ಸಿಟಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದೆಲ್ಲೋ ಸಿಕ್ಕಿಹಾಕಿಕೊಂಡಿದ್ದ ಕಂಡಕ್ಟರ್, ಕಲೂರು ಬಂತೆಂದು ನನಗೆ ಕೂಗಿ ಹೇಳಿದ: “ಚೇಟ್ಟಾ, ಬೆಲ್ಲಡಿಕ್ಕ್!” ಅಣ್ಣಾ, ಬೆಲ್ಲು ಹೊಡಿ ಎಂದು.

ತಲೆಯ ಮೇಲೆ ಬೆಲ್ಲಿನ ಹಗ್ಗ ತೂಗುತ್ತಿತ್ತು. ಒಂದೇ ಸಲ ಎಳೆದರೆ ಡ್ರೈವರಿಗೆ ಕೇಳಿಸೀತೋ ಇಲ್ಲವೋ ಎಂದು ಎರಡು ಸಲ ಎಳೆದೆ. ಅಲ್ಲಿ ಒಂದು ಬೆಲ್ಲಿಗೆ ಬಸ್ಸು ನಿಲ್ಲುತ್ತದೆ, ಎರಡಕ್ಕೆ ಹೊರಡುತ್ತದೆ ಎಂಬುದು ನನಗೇನು ಗೊತ್ತು! ನಿಧಾನವಾಗಿದ್ದ ಬಸ್ಸು ಹಾರಿತು. ಗಾಬರಿಯಲ್ಲಿ ಮತ್ತೆ ಎರಡೆರಡು ಸಲ ಎಳೆದೆ. ಡ್ರೈವರ್ ಇನ್ನಷ್ಟು ಉತ್ಸಾಹದಿಂದ ಓಡಿಸಿದ.

“ನಿಲ್ಸೋ ಅಂದ್ರೆ ಓಡಿಸ್ತಿದೀಯಲ್ಲೋ! ಇದೇನು ಜಟಕಾ ಕುದುರೇನಾ, ಚಾಟಿ ಬೀಸಕ್ಕೆ?” ಎಂದು ಅತ್ತೆ ಅರಚಿದರು.

ಕೊನೆಗೆ ಕಂಡಕ್ಟರೇ ಜನರ ನಡುವೆ ನುಸುಳಿ ಬಂದು, ಒಂದೇ ಸಲ ಎಳೆದು, ಕಲೂರು ದಾಟಿ ಪಾಲಾರಿವಟ್ಟಂನಲ್ಲಿ ನಮ್ಮನ್ನು ಇಳಿಸಿದ. ಮೈಸೂರು ಬಸ್ಸು ತಪ್ಪಿತೆಂದು ಗೋಳಾಡುತ್ತಿದ್ದ ಅತ್ತೆಯ ಕಣ್ಣಲ್ಲಿ ನೀರು ನೋಡಿ, “ಕರಯಂಡ ಅಮ್ಮಚ್ಚಿ, ಮೈಸೂರ್ ಬಸ್ ಇದಿಲೇ ವರುಂ,” ಎಂದ. ಅಳಬೇಡಿ, ಬಸ್ಸು ಇದೇ ದಾರಿಯಲ್ಲಿ ಬರುತ್ತದೆ ಎಂದು.

ಬಂದೇಬಂತು. ರಸ್ತೆಗಿಳಿದು ಕೈಬೀಸಿ ನಿಲ್ಲಿಸಿದೆ. ಅತ್ತೆ ಮೆಟ್ಟಿಲೇರಿ ತಿರುಗಿ ನೋಡಿದರು. “ರಜ ಸಿಕ್ಕಾಗ ಕೂಸನ್ನ ನೋಡಕ್ಕೆ ಬಾರೋ. ಆದ್ರೆ ತೊಟ್ಟಿಲ ಹಗ್ಗ ಮಾತ್ರ ಮುಟ್ಟಬೇಡಪ್ಪ!”