ಡಾಂಬರಿನ ಕೆಳಗಿದ್ದದ್ದು

ಅವನನ್ನು ನಾವೆಲ್ಲ ಡಾಂಬರು ಎಂದೇ ಕರೆಯುತ್ತಿದ್ದೆವು. ಅವನೇನೂ ರಸ್ತೆ ಹಾಕುವವನಲ್ಲ, ಬೇಸ್ ಗಿಟಾರಿಗೆ ಆಂಪ್ಲಿಫೈಯರ್ ಕಟ್ಟುವವನು. ಬೇಸ್ ಗಿಟಾರೆಂದರೆ ದಪ್ಪ ತಂತಿಯದು. ಹಾಡಿನ ಅಡಿಯಲ್ಲಿ ಗುಮ್ಮೆಂದು ಕೂತಿರುತ್ತದೆ. ಇದ್ದಾಗ ಯಾರೂ ಕಿವಿಗೊಡುವುದಿಲ್ಲ, ನಿಂತರೆ ಹಾಡು ಮಂಡಿ ಮುರಿದುಕೊಂಡು ಬೀಳುತ್ತದೆ. ಅದರ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆಗೆ ಆ ಕಸುಬಿನವರು ಹೆಡ್ ಎನ್ನುತ್ತಾರೆ. ಸ್ಪೀಕರಿನ ಗೂಡಿನ ಮೇಲೆ ತಲೆಯ ಹಾಗೆ ಕೂರುವುದರಿಂದ ಆ ಹೆಸರು. ಡಾಂಬರಿನ ಹೆಡ್ ಹೊರಲು ಇಬ್ಬರು ಬೇಕು. ಪೌರುಷ ತೋರಿಸಲು ಒಬ್ಬನೇ ಎತ್ತಿದವನು ಮಾರನೆಯ ದಿನ ಸೊಂಟ ಹಿಡಿದುಕೊಂಡು ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದ.

ಪೆಟ್ಟಿಗೆಯೊಳಗೆ ಯಾವ ಬಿಡಿಭಾಗ ಯಾವುದಕ್ಕೆ ಸೇರಿದೆ ಎಂಬುದನ್ನು ಯಾರೂ ನೋಡಬಾರದೆಂದು ಅವನು ಸರ್ಕ್ಯೂಟಿನ ಮೇಲೆ ಕಪ್ಪು ಅಂಟು ಸುರಿಯುತ್ತಿದ್ದ. ಎರಡು ಡಬ್ಬಿಯ ದ್ರವ ಕಲಸಿ ಹೊಯ್ದರೆ ಬೆಳಗಾಗುವುದರೊಳಗೆ ಕಲ್ಲು. ಸುತ್ತಿಗೆಯಲ್ಲಿ ಒಡೆಯಲು ಹೋದರೆ ಒಳಗಿನದೂ ಪುಡಿ. ಹೆಸರು ಬಂದದ್ದು ಅದರಿಂದ. ಮಕ್ಕಳಿಲ್ಲದ ಮನುಷ್ಯ ಆ ಕಪ್ಪಿನ ಕೆಳಗೆ ಏನಿದೆ ಎಂಬುದನ್ನೇ ಮಗುವನ್ನು ಕಾಯುವಂತೆ ಕಾದ. ಅದು ಬಯಲಾದರೆ ತಾನು ಏನೂ ಅಲ್ಲ ಎಂದು ನಂಬಿದ್ದ.

ಈಚೆಗೆ ತೀರಿಕೊಂಡ. ಹಳೆಯ ಸಂಗಾತಿಗಳು ಅವನ ಬಗ್ಗೆ ನೀನೇ ಬರೆಯಬೇಕು ಎಂದರು. ಅವನ ಹೆಂಡತಿಯನ್ನು ಕೇಳಲು ಹೋದೆ. ಆಕೆ ಮೊದಲಿನಿಂದಲೂ ನನ್ನನ್ನು ಕರೆಯುವುದು ಭಾಷಣದವರೇ ಎಂದು. ಕೈಯಲ್ಲಿದ್ದ ತಂತಿಯ ಉರುಳೆಯನ್ನು ಕೆಳಗಿಡದೆಯೇ ಹೇಳಿದಳು:

"ಬರೀರಿ ಭಾಷಣದವರೇ. ಆದ್ರೆ ಡಾಂಬರಿನ ವಿಷಯ ಬಿಟ್ಟು ದೊಡ್ಡ ಮನುಷ್ಯ ಅಂತೆಲ್ಲ ಬರೆದ್ರೆ ಈ ಮನೆ ಮೆಟ್ಟಿಲು ಹತ್ತಬೇಡಿ."

ಹಾಗಾಗಿ ಬಿಡುತ್ತಿಲ್ಲ.

ಅವರಿಬ್ಬರೂ ಸಿಕ್ಕಿದ್ದು ಮುಷ್ಕರದಲ್ಲಿ. ಆಕೆ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ವಿಭಾಗದವಳು. ಅವನು ನಮ್ಮ ಮೈಕು, ಹಾರ್ನು ನೋಡಿಕೊಳ್ಳುತ್ತಿದ್ದ ರಿಪೇರಿಯವನು. ಗೇಟಿನ ಮುಂದೆ ಕೂತು ಇನ್ನೂ ಕಾಲು ಜೋಮು ಹಿಡಿದಿರಲಿಲ್ಲ, ಪೊಲೀಸರು ಬಂದು ಹಾರ್ನುಗಳನ್ನೆಲ್ಲ ಹೊತ್ತುಕೊಂಡು ಹೋದರು. ಉಳಿದದ್ದು ನಮ್ಮ ಹಾಡಿನ ತಂಡದ ಬೇಸ್ ಗಿಟಾರೊಂದೇ. ಅವನು ಮುಚ್ಚಿಹೋಗಿದ್ದ ಸಿನಿಮಾ ಮಂದಿರದ ಸಾಮಾನು ತಂದು ಅದಕ್ಕೊಂದು ಹೆಡ್ ಕಟ್ಟಿದ. ನನ್ನ ಭಾಷಣ ಗೇಟು ದಾಟುತ್ತಿರಲಿಲ್ಲ, ಆ ಸದ್ದು ದಾಟುತ್ತಿತ್ತು. ಒಳಗೆ ಮ್ಯಾನೇಜರನ ಮೇಜಿನ ಮೇಲೆ ನೀರಿನ ಲೋಟ ನಡುಗುತ್ತಿದೆ ಎಂದು ಕ್ಯಾಂಟೀನಿನವನು ಬಂದು ಹೇಳಿದ ದಿನ ಗೆದ್ದವರಂತೆ ಕುಣಿದೆವು. ಗೆಲ್ಲಲಿಲ್ಲ. ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ಗುಜರಿಗೆ ಹಾಕುವಾಗ ಆಕೆ ತಾನು ಕೂರುತ್ತಿದ್ದ ಸುತ್ತುವ ಯಂತ್ರವನ್ನು ಕೊಂಡು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಳು. ಅವನನ್ನು ಕಟ್ಟಿಕೊಂಡದ್ದು ಆಮೇಲೆ. ಮೊದಲು ಮಿಷನ್ನು, ಆಮೇಲೆ ಗಂಡ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ಬಸ್ ಡಿಪೋದ ಹಿಂದಿನ ಓಣಿಯಲ್ಲಿ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿ ಅವನ ಬೆಂಚು. ಬೆಸುಗೆಯ ಹೊಗೆಗೆ ಕಿಟಕಿಯ ಸರಳುಗಳು ಹಳದಿಗಟ್ಟಿದ್ದವು. ಹಿಂದೆ, ಅಡುಗೆಮನೆಯ ಬಾಗಿಲ ಪಕ್ಕ ಆಕೆಯ ಯಂತ್ರ. ಒಂದು ಕಣ್ಣು ತಂತಿಯ ಮೇಲೆ, ಇನ್ನೊಂದು ಒಲೆಯ ಮೇಲೆ. ಪ್ರತಿ ಹೆಡ್ಡಿಗೂ ಕೊನೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಬೇಕು: ಕಬ್ಬಿಣದ ತಗಡುಗಳ ಗಟ್ಟಿ, ಅದರ ಸುತ್ತ ತಾಮ್ರ. ಪೆಟ್ಟಿಗೆಯಲ್ಲಿ ಹುಟ್ಟಿದ ಸದ್ದೆಲ್ಲ ಅದರ ಮೂಲಕ ಹಾಯ್ದೇ ಸ್ಪೀಕರಿಗೆ ಹೋಗಬೇಕು. ಎಷ್ಟು ಸುತ್ತು, ಯಾವ ತಂತಿ ಎಂದು ಅವನು ಬರೆದುಕೊಡುತ್ತಿದ್ದ, ಆಕೆ ಸುತ್ತುತ್ತಿದ್ದಳು. ಪೆಟ್ಟಿಗೆಯ ಮುಂಭಾಗದ ತಗಡಿನ ಮೇಲೆ ಅವನ ಹೆಸರು ಕೊರೆದಿರುತ್ತಿತ್ತು. ಅದರಲ್ಲಿ ಆಗ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಆಕೆಗೂ.

ಪೆಟ್ಟಿಗೆಗಳು ಹೆಸರು ಮಾಡಿದವು. ಬೇಸ್ ನುಡಿಸುವವರು ಊರೂರಿಂದ ಹುಡುಕಿಕೊಂಡು ಬಂದರು. ಆಗ ವಾದ್ಯದ ಅಂಗಡಿಯವನೊಬ್ಬ ಪ್ರದರ್ಶನಕ್ಕಿಡುತ್ತೇನೆಂದು ಒಂದನ್ನು ಒಯ್ದು, ಬಿಚ್ಚಿ, ಹಾಗೇ ಇಳಿಸಿಕೊಂಡು, ತನ್ನ ಹೆಸರು ಕೊರೆಸಿ ಮಾರತೊಡಗಿದ. ಡಾಂಬರು ಉರಿದುಬಿದ್ದ. ಜಗಳಕ್ಕೆ ಗಂಟಲು ಬೇಕಲ್ಲ, ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯವನು ನಕ್ಕು, ಬೇಕಾದರೆ ಕೇಳಿ ನೋಡಿ ಎಂದು ಒಬ್ಬನ ಕೈಗೆ ಗಿಟಾರು ಕೊಟ್ಟ. ನಾನು ತೋಳು ಮಡಚಿ ಸಿದ್ಧನಾಗುತ್ತಿದ್ದೆ. ಇವನು ತಲೆ ತಗ್ಗಿಸಿ ಕೇಳಿದ. ಅದು ಡಬ್ಬಿ ಬಡಿದಂತೆ ಬೊಗಳುತ್ತಿತ್ತು. ನಮ್ಮದರ ಪಕ್ಕಕ್ಕೂ ಬರುವಂಥದಲ್ಲ. ಆದರೆ ಇವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ನನ್ನ ತೋಳು ಹಿಡಿದೆಳೆದು, ನಡಿ ಹೋಗೋಣ ಎಂದ.

ಆಮೇಲೆ ಕಟ್ಟಿದ ಹೆಡ್ಡಿಗೇ ಮೊದಲು ಅಂಟು ಸುರಿದದ್ದು. ಕಳ್ಳತನಕ್ಕೆ ಹೆದರಿ ಸುರಿದ ಎಂದು ನಾವೆಲ್ಲ ತಿಳಿದೆವು. ನಕಲಿನವನು ಕೊಳ್ಳುವವರಿಲ್ಲದೆ ತಾನೇ ನಿಲ್ಲಿಸಿದ. ಇವನು ಸುರಿಯುವುದನ್ನು ನಿಲ್ಲಿಸಲಿಲ್ಲ.

ಡಾಂಬರಿದ್ದರೆ ಅಸಲಿ ಎಂಬ ಮಾತು ಹುಟ್ಟಿತು. ಕೊಂಡವರು ಮುಚ್ಚಳ ತೆಗೆದು ಆ ಕಪ್ಪನ್ನು ನೆಂಟರಿಗೆ ತೋರಿಸುತ್ತಿದ್ದರು. ಯುದ್ಧದ ಕಾಲದ ರೇಡಿಯೋದ ಯಾವುದೋ ಭಾಗ ಒಳಗಿದೆಯಂತೆ, ಬೆಳ್ಳಿಯ ತಂತಿಯಿದೆಯಂತೆ ಎಂದು ಒಬ್ಬೊಬ್ಬನದು ಒಂದೊಂದು ಪುರಾಣ. ಕೆಟ್ಟರೆ ಅವನ ಹತ್ತಿರವೇ ತರಬೇಕು. ಅವನು ಹಳೆಯ ಸರ್ಕ್ಯೂಟನ್ನು ಕಲ್ಲಿನ ಸಮೇತ ಕಿತ್ತೆಸೆದು ಹೊಸದನ್ನು ಕೂರಿಸಿ ಮತ್ತೆ ಸುರಿದು ಕಳಿಸುತ್ತಿದ್ದ. ಎಲ್ಲವೂ ಎಲ್ಲರದ್ದು ಎಂದು ಗೇಟಿನ ಮುಂದೆ ಕೂಗಿದವನು ನೀನು, ಹೀಗೆ ಬಚ್ಚಿಡುತ್ತೀಯಲ್ಲ ಎಂದು ನಾನು ಕೆಣಕಿದರೆ, ನಿನ್ನ ಭಾಷಣವನ್ನು ಯಾರೂ ಕದಿಯುವುದಿಲ್ಲ, ನಿನಗೇನು ಕಷ್ಟ ಎನ್ನುತ್ತಿದ್ದ.

ವಯಸ್ಸಾಯಿತು. ಕೈ ನಡುಗತೊಡಗಿತು. ಬೆಸುಗೆಯ ಮೊನೆ ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಹೋಗುತ್ತಿತ್ತು. ಹೊಸ ಹೆಡ್ ಕಟ್ಟುವುದು ನಿಂತಿತು. ಅಷ್ಟರಲ್ಲಿ ಅವನ ಸೊಸೆಯ, ಅಂದರೆ ತಂಗಿಯ ಮಗಳ, ಹೆಡ್ ಸತ್ತಿತು. ಅವಳು ಲಿಫ್ಟ್ ರಿಪೇರಿಯ ಕೆಲಸದವಳು, ನಮ್ಮ ತಂಡದಲ್ಲಿ ಈಗ ಬೇಸ್ ನುಡಿಸುವವಳು ಅವಳೇ. ಆ ಹೆಡ್ ದುಡಿದು ಕೊಂಡದ್ದು. ಮಾವನೆಂದು ಅವನೇನೂ ಬಿಟ್ಟಿ ಕೊಟ್ಟಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನೂ ಅವಳೂ ಅದನ್ನು ಹೊತ್ತು ತಂದು ಬೆಂಚಿನ ಮೇಲಿಟ್ಟೆವು. ನೀವು ಬಾಯಲ್ಲಿ ಹೇಳಿ ಮಾವ, ನಾನು ಬೆಸುಗೆ ಹಾಕ್ತೀನಿ ಎಂದಳು. ಅಷ್ಟೇ ಅಲ್ಲ, ಇದನ್ನು ಕಲಿತು ಮುಂದೆ ತಾನೇ ಕಟ್ಟಬೇಕೆಂಬ ಆಸೆ ಅವಳಿಗಿತ್ತು. ನಿಮ್ಮ ಜೊತೆಗೇ ಇದು ಮುಗಿದುಹೋದರೆ ಹೇಗೆ ಎಂದಳು.

ಅವನು ಆಗಲ್ಲ ಎಂದ. ಮಾತಿಗೆ ಮಾತು ಬೆಳೆಯಿತು.

"ದುಡ್ಡು ಕೊಟ್ಟು ತಗೊಂಡಿದೀನಿ. ಪೆಟ್ಟಿಗೆ ನಂದು."

"ಪೆಟ್ಟಿಗೆ ನಿಂದು. ಡಾಂಬರೂ ನಿಂದು. ಅದರ ಕೆಳಗಿರೋದು ನಂದು."

"ಹಾಗಾದ್ರೆ ನಿಮ್ಮ ಜೊತೆ ಹೂಳ್ಬೇಕಾ?"

"ಹೂಳಿ."

ಅವಳ ಅತ್ತೆ, ಎಂದರೆ ಇವನ ಹೆಂಡತಿ, ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು. ಹೂಳುವುದಕ್ಕೆ ಮುಂಚೆ ತಾನೊಂದು ಸಲ ನೋಡಬೇಕು ಎಂದಳು. ಇಷ್ಟು ವರ್ಷ ಇದೇ ಮನೆಯಲ್ಲಿ ಕೂತು ಸುತ್ತಿದ್ದೇನೆ, ಯಾವ ದೊಡ್ಡಸ್ತಿಕೆಗೆ ಸುತ್ತಿದೆ ಎಂದು ತಿಳಿಯುವುದು ಬೇಡವೇ ಎಂದಳು. ದನಿ ಏರಿಸಲಿಲ್ಲ. ಒಡೀಲಾ ಎಂದು ಅವನನ್ನೇ ಕೇಳಿದಳು. ಅವನು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತ.

ಒಡೆಯುವುದೆಂದರೆ ಸುತ್ತಿಗೆಯ ಕೆಲಸವಲ್ಲ. ಬಿಸಿಗಾಳಿ ಊದುವ ಯಂತ್ರದಿಂದ ಅಂಟನ್ನು ಕಾಯಿಸಬೇಕು, ಮೆತ್ತಗಾದಷ್ಟನ್ನು ದಬ್ಬಳದಿಂದ ಕೆರೆಯಬೇಕು, ಮತ್ತೆ ಕಾಯಿಸಬೇಕು. ಕೂದಲು ಸುಟ್ಟ ವಾಸನೆ. ಸೊಸೆ ಕೆಲಸ ಮುಗಿಸಿ ಬಂದು ಕೂರುತ್ತಿದ್ದಳು, ಅತ್ತೆ ದೀಪ ಹಿಡಿಯುತ್ತಿದ್ದಳು, ನಾನು ಕಿಟಕಿ ತೆಗೆಯುವುದಕ್ಕೆ ಲಾಯಕ್ಕಾಗಿದ್ದೆ. ಅವನು ಅಲ್ಲೇ ಬೆನ್ನು ಮಾಡಿ ಕೂತಿರುತ್ತಿದ್ದ. ಒಂದೊಂದೇ ಭಾಗ ಹೊರಬಂದಂತೆ ಅವಳು ಅದನ್ನು ಹಳೆಯ ಪತ್ರಿಕೆಯ ಮೇಲೆ ಜೋಡಿಸಿ, ಎಲ್ಲಿಂದ ಎಲ್ಲಿಗೆ ಎಂದು ಗೆರೆ ಎಳೆಯುತ್ತಿದ್ದಳು.

ವಾರ ಕಳೆಯುವುದರೊಳಗೆ ತಳದ ತಗಡು ಕಂಡಿತು. ಅವಳು ಗೆರೆಗಳನ್ನೇ ನೋಡುತ್ತ ಕೂತಳು. ಮತ್ತೆ ಕೆರೆದಳು, ತಗಡಿನ ಕೆಳಗೂ ನೋಡಿದಳು.

"ಮಾವ, ಇದು ನಮ್ಮ ಟ್ರೇನಿಂಗಿನ ಪುಸ್ತಕದಲ್ಲೇ ಇರೋ ಸರ್ಕ್ಯೂಟು."

ಬೆಳ್ಳಿಯೂ ಇರಲಿಲ್ಲ, ಯುದ್ಧದ ರೇಡಿಯೋವೂ ಇರಲಿಲ್ಲ. ಸುಟ್ಟುಹೋದ ಒಂದು ರೆಸಿಸ್ಟರ್ ಇತ್ತು. ಪೆಟ್ಟಿಗೆ ಸತ್ತದ್ದು ಅದರಿಂದ, ಯಾವ ಅಂಗಡಿಯಲ್ಲಾದರೂ ಸಿಗುವಂಥದು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಅತ್ತೆ ಒಂದೇ ಮಾತು ಕೇಳಿದಳು: ಹಾಗಾದರೆ ಆ ಅಂಗಡಿಯವನ ಪೆಟ್ಟಿಗೆ ಯಾಕೆ ಬೊಗಳುತ್ತಿತ್ತು? ಅದರಲ್ಲೂ ಇದೇ ತಾನೇ ಇದ್ದದ್ದು?

ಅವನು ಕಿಟಕಿಗೆ ಹೇಳಿದ. ಮೊಳೆಗೆ ಮೊಳೆ ಇದೇ ಇತ್ತು. ಬೇರೆಯಾದದ್ದು ಕೊನೆಯ ಟ್ರಾನ್ಸ್‌ಫಾರ್ಮರ್ ಒಂದೇ, ಅದು ಪೇಟೆಯಲ್ಲಿ ಕೊಂಡದ್ದು. ಅದು ಆ ಅಂಗಡಿಯಲ್ಲೇ ತನಗೆ ಹೊಳೆಯಿತು. ಆಕೆ ತವರಿಗೆ ಹೋಗಿದ್ದಾಗ ಆಕೆ ಸುತ್ತಿದ್ದ ಒಂದನ್ನು ತೆಗೆದು, ಪದರ ಪದರವಾಗಿ ಬಿಚ್ಚಿ ನೋಡಿದ. ತಾನು ಬರೆದುಕೊಟ್ಟ ಹಾಗಿರಲಿಲ್ಲ.

ಇರಲಿಲ್ಲ, ನಿಜ. ಅವನು ಬರೆದಂತೆ ಸುತ್ತಿದ ಮೊದಲನೆಯದು ಹೊಟ್ಟೆ ಉಬ್ಬರಿಸಿದ ಎಮ್ಮೆಯ ಹಾಗೆ ಗೊರಗುಟ್ಟಿತ್ತಂತೆ. ಎರಡನೆಯದಕ್ಕೆ ಆಕೆ ಕಬ್ಬಿಣದ ತಗಡು ಹೆಚ್ಚಿಸಿದಳು. ಒಂದು ಸುರುಳಿಯನ್ನು ಪೂರ್ತಿ ಸುತ್ತಿ ಅದರ ಮೇಲೆ ಇನ್ನೊಂದನ್ನು ಹೇರುವ ಬದಲು, ಇದೊಂದು ಪದರ, ಅದೊಂದು ಪದರ ಎಂದು ಹೆಣೆದಳು. ಕಾರ್ಖಾನೆಯಲ್ಲಿ ಬೇರೆ ಏನಕ್ಕೋ ಹಾಗೆ ಮಾಡುತ್ತಿದ್ದುದು, ಇದಕ್ಕೂ ಹೊಂದಬಹುದೆಂದು ಅನ್ನಿಸಿತು. ಸ್ವಲ್ಪ ಬೇರೆ ಥರ ಸುತ್ತಿದ್ದೇನೆ ಎಂದು ಅವನಿಗೆ ಹೇಳಿಯೂ ಇದ್ದಳು. ಪೆಟ್ಟಿಗೆಯೊಳಗೆ ತಲೆ ತೂರಿಸಿಕೊಂಡಿದ್ದವನು ಹೂಂ ಎಂದಿದ್ದ. ಸದ್ದು ಸರಿಹೋಯಿತು. ತನ್ನ ಸರ್ಕ್ಯೂಟು ಸರಿಹೋಯಿತು ಎಂದು ಅವನು ತಿಳಿದ. ನಿಜ ಗೊತ್ತಾಗುವಷ್ಟರಲ್ಲಿ ಹೆಸರು ಬಂದಾಗಿತ್ತು. ಅವನು ಡಾಂಬರು ಸುರಿದದ್ದು ಒಳಗೆ ಏನೋ ಇದೆಯೆಂದಲ್ಲ, ಏನೂ ಇಲ್ಲವೆಂದು. ಜನ ಆ ಕಪ್ಪನ್ನು ನೋಡುತ್ತಿದ್ದರೆ ಪಕ್ಕದಲ್ಲೇ ಬಯಲಿಗೆ ಕೂತಿದ್ದ ಕಬ್ಬಿಣದ ಗಟ್ಟಿಯನ್ನು ನೋಡುವುದಿಲ್ಲ.

"ನಂದನ್ನ ಬಿಚ್ಚಿ ನೋಡಿದ್ರಿ," ಎಂದಳು ಆಕೆ. "ನೋಡಿ ಸುಮ್ಮನಿದ್ರಿ."

ಅಷ್ಟೇ. ಒಳಗೆ ಹೋಗಿ ಒಲೆಯ ಮೇಲಿದ್ದುದನ್ನು ಇಳಿಸಿದಳು. ಅವನಿಗೆ ಬಡಿಸಿದಳು, ಗುಳಿಗೆ ಕೊಟ್ಟಳು, ಬಟ್ಟೆ ಒಗೆದಳು, ಮಾತು ಬಿಟ್ಟಳು. ಸುತ್ತುವ ಯಂತ್ರಕ್ಕೆ ಹಳೆಯ ಹೊದಿಕೆ ಹೊದಿಸಿದಳು. ಸೊಸೆ ರೆಸಿಸ್ಟರ್ ಬದಲಿಸಿ ನುಡಿಸಿದಳು. ಡಾಂಬರಿಲ್ಲದೆಯೂ ಸದ್ದು ಅದೇ ಇತ್ತು. ಅದನ್ನು ಕೇಳುತ್ತ ಅವನು ನಡುಗುವ ಕೈಗಳನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡು ಕೂತಿದ್ದ. ಪಾಪ ಅನ್ನಿಸಿತೇ ಎಂದು ಕೇಳಿದರೆ, ನನಗೆ ಅನ್ನಿಸಲಿಲ್ಲ.

ಮಾತಿಲ್ಲದ ಮನೆಯಲ್ಲಿ ನಾನೇ ಟಪಾಲಿನವನಾದೆ. ಮುಂಭಾಗದ ತಗಡಿನ ಮೇಲೆ ಆಕೆಯ ಹೆಸರೂ ಕೊರೆಸುತ್ತಾನಂತೆ ಎಂದು ಅವನ ಪರವಾಗಿ ಹೇಳಿದೆ. ತಗಡನ್ನು ಯಾರು ಓದುತ್ತಾರೆ ಎಂದಳು. ರಿಪೇರಿಗೆ ಬಂದವರ ಮುಖ ನೋಡಿ, ನಿಜವನ್ನು ತಮ್ಮ ಬಾಯಿಯಿಂದಲೇ ಹೇಳಲಿ. ಆಮೇಲೆ ನೋಡೋಣ.

ಹೇಳಿದ. ಹೆಡ್ ಹೊತ್ತು ಬಂದವರ ಎದುರಿಗೇ ಸೊಸೆ ಅಂಟು ಕೆರೆಯುತ್ತಿದ್ದಳು, ಅವನು ಹೇಳುತ್ತಿದ್ದ: ಇದರಲ್ಲಿ ಏನೂ ಇಲ್ಲ, ಇರುವುದೆಲ್ಲ ಆ ಕಬ್ಬಿಣದಲ್ಲಿ, ಅದು ಅವಳದ್ದು. ಕೆಲವರು ನಕ್ಕರು. ಒಬ್ಬ ರೇಗಿದ, ಇನ್ನು ಇದನ್ನು ಮಾರಲು ಹೋದರೆ ಯಾರು ಮೂಸುತ್ತಾರೆ, ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದ. ಹಾಗೆ ಬೈಸಿಕೊಂಡ ಸಂಜೆ ಯಂತ್ರದ ಹೊದಿಕೆ ತೆಗೆದದ್ದನ್ನು ಕಂಡೆ. ಆಕೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತುವುದನ್ನು ಕಲಿಸುತ್ತಿದ್ದಳು. ಗಂಡನ ಜೊತೆ ಮಾತು ಇನ್ನೂ ಇರಲಿಲ್ಲ.

ಕೊನೆಗೆ ಬಂದವನು ದೊಡ್ಡ ಬೆರಳು ಎಂದು ನಾವು ಕರೆಯುತ್ತಿದ್ದವನು. ನಮ್ಮ ಕಾಲದ ಬೇಸ್ ವಾದಕ, ಈಗ ಹೊಟ್ಟೆಯೂ ಅಷ್ಟೇ ದೊಡ್ಡದು. ಅವನ ಹೆಡ್ಡಿಗೆ ಆಗಬೇಕಾದದ್ದು ವಾಲ್ವು, ಅಂದರೆ ಬಲ್ಬಿನಂಥ ಗಾಜಿನ ಭಾಗ, ಬದಲಿಸುವ ಸಣ್ಣ ಕೆಲಸ, ಅಂಟಿನ ತನಕ ಹೋಗಬೇಕಾಗಿರಲಿಲ್ಲ. ಸುದ್ದಿ ಅವನ ಕಿವಿಗೂ ಬಿದ್ದಿತ್ತು. ನನ್ನದು ಮುಚ್ಚಿದ ಹಾಗೇ ಇರಲಿ, ನನಗೇನೂ ಹೇಳಬೇಡ ಮಾರಾಯ, ಇಷ್ಟು ವರ್ಷ ನಂಬಿಕೊಂಡು ನುಡಿಸಿದ್ದೇನೆ ಎಂದ. ಡಾಂಬರು ಸುಮ್ಮನಿರಬಹುದಾಗಿತ್ತು. ಕೇಳುವವನೇ ಬೇಡವೆಂದ ಮೇಲೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವನು ಬೆಂಚು ಹಿಡಿದುಕೊಂಡು ಎದ್ದು ನಿಂತ.

"ಕೇಳು. ಇದು ನಂದಲ್ಲ. ಈ ಸದ್ದು ಅವಳು ಸುತ್ತಿದ್ದು."

ಹಿಂದೆ ಯಂತ್ರ ನಿಂತಿತು. ಆಕೆ ಎದ್ದು ಬರಲಿಲ್ಲ. ಕೂತಲ್ಲಿಂದಲೇ ಹೇಳಿದಳು, ಅಷ್ಟು ದಿನದ ಮೇಲೆ ಅವನಿಗೆ ಆಡಿದ ಮೊದಲ ಮಾತು ಅದು.

"ಸುತ್ತಿದ್ದು ಅಷ್ಟೇ ಅಲ್ಲ. ಹಾಗೆ ಸುತ್ತಬೇಕು ಅಂತ ಯೋಚನೆ ಮಾಡಿದ್ದೂ ನಾನೇ. ಅದನ್ನೂ ಹೇಳಿ."

"ಯೋಚನೆ ಮಾಡಿದ್ದೂ ಅವಳೇ," ಎಂದ.

ದೊಡ್ಡ ಬೆರಳು ತಲೆ ಕೆರೆದುಕೊಂಡ. ಸರಿ, ಈಗಲಾದರೂ ಯಾರಾದರೂ ಒಂದು ಕಡೆ ಹಿಡೀರಿ ಎಂದ. ನಾನು ಹಿಡಿದೆ. ಅವನು ಬೇಗ ಬೇಗ ಹಗುರದ ಕಡೆಗೆ ಹೋಗಿ ನಿಂತ. ಟ್ರಾನ್ಸ್‌ಫಾರ್ಮರ್ ಇರುವ ಕಡೆ ನನ್ನ ಪಾಲಿಗೆ ಬಂತು. ಆ ಪೆಟ್ಟಿಗೆಯ ಭಾರವೆಲ್ಲ ಅದೊಂದೇ ಕಡೆ. ಹೊತ್ತವರಿಗೆಲ್ಲ ಅದು ಮೊದಲಿನಿಂದ ಗೊತ್ತಿತ್ತು.