ಗೋಡೆಗೆ ಹತ್ತಿದ ಪಾಕ

ಕಾಕಾನ ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಕೂದಲೂ ಇರಲಿಲ್ಲ. ಕುದಿಯುವ ಬೆಲ್ಲದ ಪಾಕ ಬಿದ್ದಾಗ ಗಾಬರಿಯಲ್ಲಿ ಒರೆಸಿಕೊಂಡಿದ್ದ. ಪಾಕದ ಜೊತೆ ತೊಗಲೂ ಕಿತ್ತು ಬಂದಿತ್ತು. ಅಮೀನಗಡದಲ್ಲಿ ಮೂವತ್ತು ವರ್ಷ ಕರದಂಟು ಮಿಠಾಯಿ ಮಾಡಿದ ಕೈ ಅದು. ಹೊಡೆಯುವ ಕೈಯೂ ಅದೇ.

ಅಪ್ಪ ನನ್ನ ಕಾಲೇಜಿನ ಅರ್ಜಿ ಹರಿದು ಒಲೆಗೆ ಹಾಕಿದ ದಿನ, ಕಾಕಾ ಸ್ವಂತ ಅಣ್ಣನನ್ನೇ ಅಂಗಳಕ್ಕೆ ಎಳೆದು ಕಬ್ಬಿಣದ ಸೌಟಿನಿಂದ ಬೆನ್ನಿಗೆ ಬಾರಿಸಿದ. "ಅಕಿ ಕಲೀತಾಳ. ಅಡ್ಡ ಬಂದ್ರ ಕೈ ಮುರೀತೀನಿ." ನಮ್ಮ ಮನೆತನದ ಮೊದಲ ಪದವಿ ಹೀಗೆ ಬಂತು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹುನಗುಂದದ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕ ಮೇಲೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಕಾಕಾ ನನ್ನ ಹತ್ತಿರವೇ ರಕ್ತ ಕೊಡುತ್ತಿದ್ದ. ಬರುತ್ತಿದ್ದುದು ಮಂಗಳವಾರ ಮಾತ್ರ, ಸೋಮವಾರ ಪೂರ್ತಿ ಉಪವಾಸವಿದ್ದು. "ನೋಡವ್ವಾ, ನನಗೆಲ್ಲೈತಿ ಸಕ್ಕರಿ?" ಉಳಿದ ದಿನ ಪ್ರತಿ ಕಡಾಯಿಯ ಪಾಕವನ್ನೂ ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ, ಬಾಯಿಗೆ ಹಾಕಿಕೊಂಡೇ ಹದ ಹೇಳುವವನು.

ಒಂದು ಮಂಗಳವಾರ ಹೇಳದೆಯೇ ಮೂರು ತಿಂಗಳ ಪರೀಕ್ಷೆ ಮಾಡಿದೆ. ಹಿಂದಿನ ಮೂರು ತಿಂಗಳಲ್ಲಿ ರಕ್ತದ ಪ್ರೋಟೀನಿಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಅದು ತೋರಿಸುತ್ತದೆ. ಒಂದು ದಿನದ ಉಪವಾಸಕ್ಕೆ ಮೋಸ ಹೋಗುವುದಿಲ್ಲ. ಏಳರ ಸುಮಾರಿಗೆ ಇರಬೇಕಾದದ್ದು ಹನ್ನೆರಡು ಬಂತು. ಕಾಕಾನಿಗೆ ತೋರಿಸಿದೆ.

"ನಿನ್ನ ಮಷೀನ ಸುಳ್ಳ ಹೇಳ್ತೈತಿ!" ಎಂದು ನನ್ನ ಕೆನ್ನೆಗೆ ಬಾರಿಸಿ, ಗಾಜಿನ ಕಪಾಟಿಗೆ ಬರಿಗಾಲಲ್ಲೇ ಒದ್ದ. ಗಾಜು ಪುಡಿಯಾಯಿತು. ಬೈಯುತ್ತಲೇ ನಾಲ್ಕು ಹೆಜ್ಜೆ ನಡೆದು ನೆಲ ನೋಡಿದ.

"ಯಾರ್ದವ್ವಾ ಈ ರಕ್ತ?"

ಅವನದೇ. ಬೆರಳುದ್ದದ ಗಾಜು ಅಂಗಾಲಿನಲ್ಲಿತ್ತು. ಸಕ್ಕರೆಗೆ ಕಾಲು ಮರಗಟ್ಟಿ ಅವನಿಗೆ ಗೊತ್ತೇ ಆಗಿರಲಿಲ್ಲ.

ಗಾಜು ಕಿತ್ತು ಪಟ್ಟಿ ಕಟ್ಟುತ್ತ ಹೇಳಿದೆ: "ಕಾಕಾ, ನಿನ್ನ ಕೈಗೆ ಪಾಕ ಹತ್ತಿತ್ತಲ್ಲ, ಒಳಗ ರಕ್ತಕ್ಕೂ ಹಂಗ ಹತ್ತೈತಿ."

ಬೋಳು ಕೈ ಸವರಿಕೊಂಡ. "ಬಿಡಸಾಕ ಬರಂಗಿಲ್ಲೇನ?"

"ಹತ್ತಿದ್ದು ಬಿಡಂಗಿಲ್ಲ. ಹಳೇ ರಕ್ತ ಹೋಗಿ ಹೊಸಾದು ಬರತೈತಿ. ಅದಕ್ಕ ಹತ್ತದಂಗ ನೋಡ್ಕೋ. ಮೂರ ತಿಂಗಳ."

ಅಂದಿನಿಂದ ಇನ್ಸುಲಿನ್ ಸೂಜಿಯನ್ನು ವೈರಿಗೆ ಇರಿಯುವಂತೆ ಹೊಟ್ಟೆಗೆ ಚುಚ್ಚಿಕೊಂಡ. ಪಾಕದ ಉಂಡೆಯನ್ನು ಬಾಯಿಗೆ ಹಾಕುವುದು ಬಿಟ್ಟು ಬೀಸಿ ಗೋಡೆಗೆ ಹೊಡೆದು, ಸದ್ದಿನಿಂದಲೇ ಹದ ಹೇಳತೊಡಗಿದ. "ಕಡಾಯಿ ಇಳಸ್ರಲೇ!"

ಆದರೆ ಮೂರು ತಿಂಗಳಾದರೂ ಕಾಲಿನ ಗಾಯ ಮಾತು ಕೇಳಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಚ್ಚರವಾದಾಗ ಉಳಿದ ಕಾಲಿನಿಂದ ಸಲೈನ್ ಕಂಬ ಒದ್ದು ಕೆಡವಿದ. ನಂಜು ಮೈಗೇರಿ ಐದನೆಯ ದಿನ ಹೋದ.

ಆಪರೇಷನ್ನಿಗೆ ಮುಂಚೆ ನಾನೇ ತೆಗೆದ ರಕ್ತದ ಮೂರು ತಿಂಗಳ ಪರೀಕ್ಷೆಯ ವರದಿಯನ್ನು ಮಣ್ಣು ಕೊಟ್ಟು ಬಂದ ಮೇಲೆ ನೋಡಿದೆ. ಏಳು ಇತ್ತು. ಆ ಪರೀಕ್ಷೆಯನ್ನು ನಾನು ಒಂದು ವರ್ಷ ಮೊದಲೇ ಮಾಡಬಹುದಿತ್ತು. ಏಟಿಗೆ ಹೆದರಿ ಸುಮ್ಮನಿದ್ದೆ.

ಕಾಕಾನ ಅಂಗಡಿಗೆ ಹೋದೆ. ಒಲೆಯ ಹಿಂದಿನ ಗೋಡೆಯ ತುಂಬ ಅವನು ತಿನ್ನದೆ ಬಿಟ್ಟ ಉಂಡೆಗಳು ಚಪ್ಪಟೆಯಾಗಿ ಹತ್ತಿಕೊಂಡಿದ್ದವು. ಉಗುರು ಹಾಕಿ ಒಂದನ್ನು ಎಬ್ಬಿಸಿದೆ. ಗೋಡೆಯ ಸುಣ್ಣವೂ ಕಿತ್ತು ಬಂತು.