ಪರದೆಯೊಳಗಿಂದ ನನ್ನನ್ನ ಅತ್ತೆ ಅಂದವರು

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಲಿ ಬರೆಸ್ತಾರೆ ನೋಡಿ. "ನನಗೆ ಹೇಳಿದ್ದನ್ನ ನಮ್ಮ ಕನ್ನಡದವರ ಆನ್‌ಲೈನ್ ಗುಂಪಿಗೆ ನೀವೇ ಬರೀರಿ ಅತ್ತೆ" ಅಂತ ಸೊಸೆ ಲ್ಯಾಪ್‌ಟಾಪ್ ಮುಂದಿಟ್ಟು ಎದ್ದುಹೋದಳು.

ಹ್ಯಾರಿಸನ್‌ನಲ್ಲಿ ನಮ್ಮ ಮೇಲ್ಗಡೆ ಮನೆಯ ಲಿಗಾಯಾ ಫಿಲಿಪೀನ್ಸಿನವಳು. ಶನಿವಾರ ಬಂದರೆ ಕಂಪ್ಯೂಟರ್ ಮುಂದೆ ಮೈಕ್ ಹಿಡಿದು ಹಾಡ್ತಾಳೆ. ಮನಿಲಾ, ದುಬೈ, ಎಲ್ಲೆಲ್ಲೋ ಇರೋ ಅವಳ ಕಡೆಯವರು ಆನ್‌ಲೈನಲ್ಲಿ ಕೇಳ್ತಾ, ಸರದಿ ಮೇಲೆ ತಾವೂ ಹಾಡ್ತಾರೆ. ಇವತ್ತು ತಡೆಯಲಾರದೆ ಬೈಯೋಕೆ ಹೋದೆ. ಬಾಗಿಲು ತೆಗೆದಳು. ಪರದೆಯಲ್ಲಿದ್ದವರೆಲ್ಲ ನನ್ನ ನೋಡಿ "ಆತೆ, ಆತೆ" ಅಂದರು.

"ನಾನ್ಯಾರಿಗೆ ಅತ್ತೆ? ಮದರ್ ಇನ್ ಲಾ ನೋ. ಮನೇಲಿರೋ ಒಬ್ಬಳು ಸೊಸೆ ಎನಫ್" ಅಂದೆ.

ಲಿಗಾಯಾ ನಕ್ಕಳು. "ಇಲ್ಲ ಆಂಟಿ, ನಮ್ಮ ಭಾಷೇಲಿ ಆತೆ ಅಂದ್ರೆ ಅಕ್ಕ." ನಗ್ತಾನೇ ಅಳೋಕೆ ಶುರು ಮಾಡಿದಳು. ವಯಸ್ಸಾದವರನ್ನ ನೋಡ್ಕೊಳ್ತಿದ್ದ ನರ್ಸಿಂಗ್ ಹೋಮಿನಲ್ಲಿ ಲೇಆಫ್ ಆಗಿ ಕೆಲಸ ಹೋಗಿದೆಯಂತೆ. ಬಾಡಿಗೆ ಕಟ್ಟಲಾರದೆ ಈ ತಿಂಗಳ ಇಪ್ಪತ್ತೊಂದಕ್ಕೆ ಟೆಕ್ಸಾಸಿನ ಸಂಬಂಧಿಕರ ಮನೆಗೆ ಹೊರಟಿದ್ದಾಳೆ. ಹೋಗೋ ಮನಸ್ಸಿಲ್ಲ. ದುಬೈಯಲ್ಲಿರೋ ತಂಗಿ ಪರದೆಯಿಂದಲೇ "ಆತೆ, ಅವಳನ್ನ ಸ್ವಲ್ಪ ನೋಡ್ಕೊಳ್ಳಿ" ಅಂದಳು.

"ಇನ್ನೊಂದು ಹಾಡಮ್ಮ" ಅಂದೆ. ಶ್ರುತಿ ನೆಟ್ಟಗಿರಲಿಲ್ಲ. ಆದರೂ ಪೂರ್ತಿ ಕೇಳಿದೆ.

ಪಾರ್ಸಿಪನಿ, ಪ್ರಿನ್ಸ್‌ಟನ್ ಕಡೆಯವರೇ, ಅಪ್ಪ ಅಮ್ಮನ ನೋಡ್ಕೊಳ್ಳೋಕೆ ಜನ ಸಿಗಲ್ಲ ಅಂತ ಸಿಕ್ಕಾಗೆಲ್ಲ ಗೋಳಾಡ್ತೀರಲ್ಲ. ಇವಳಿಗೆ ಕೆಲಸ ಕೊಡೋರು ಯಾರು? ಅಕ್ಕ ಅನ್ನಿಸಿಕೊಂಡು ಸುಮ್ಮನೆ ಕೂರೋಕೆ ನನಗಾಗಲ್ಲ. ಕೆಳಗೆ "ಪಾಪ" ಅಂತ ಬರೆಯೋದು ಬೇಡ. ಇಪ್ಪತ್ತನೇ ತಾರೀಖಿನೊಳಗೆ ಹೌದು ಅಥವಾ ಇಲ್ಲ ಅಂತ ಹೇಳಿ.